ಬೀಗರ ಮನೆಯ ಮಾರ್ಗರಿಟಾ

ಬೀಗರು ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಒಂದು ಶಬ್ದವಿಲ್ಲ. ಮಗನ ಮಾವ, ಮಗಳ ಮಾವ ಎಂದು ಸುತ್ತು ಹಾಕಿ ಹೇಳಬೇಕು. ಸ್ಪ್ಯಾನಿಷಿನಲ್ಲಿ ಇದೆ, 'ಕೊನ್‌ಸ್ವೆಗ್ರೊ' ಎನ್ನುತ್ತಾರೆ. ನನಗೆ ಇದು ತಿಳಿದದ್ದು 2018ರ ಜುಲೈ ತಿಂಗಳಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರದ ಹೊರವಲಯದ ಒಂದು ಮನೆಯಲ್ಲಿ. ಮಗ ಅಲ್ಲಿಯವಳನ್ನೇ ಮದುವೆಯಾಗಿದ್ದಾನೆ. ಸೊಸೆಯ ಹಿರಿಯರು ಮೆಕ್ಸಿಕೊ ಮೂಲದವರು. ಅವಳ ತಂದೆಗೆ ಆ ತಿಂಗಳು ಎಪ್ಪತ್ತು ತುಂಬುವುದಿತ್ತು. ನಾನೂ ನನ್ನ ಹೆಂಡತಿಯೂ ಅದಕ್ಕೆಂದೇ ಹೋಗಿದ್ದೆವು. ಆ ಹುಟ್ಟುಹಬ್ಬದ ಔತಣಕ್ಕೆ ಮಾಡುವ ಪಾನೀಯದ ಅಳತೆಯ ಕೆಲಸ ನನ್ನ ಪಾಲಿಗೆ ಬಂತು. ಪಾನೀಯದ ಹೆಸರು ಮಾರ್ಗರಿಟಾ. ಟೆಕೀಲಾ ಎಂಬ ಮದ್ಯಕ್ಕೆ ಲಿಂಬೆಯ ರಸ, ಕಿತ್ತಳೆ ಸಿಪ್ಪೆಯ ಸಿಹಿಮದ್ಯ, ಸಕ್ಕರೆ ಪಾಕ ಸೇರಿಸಿ, ಮಂಜುಗಡ್ಡೆಯೊಂದಿಗೆ ಅರೆದು ಹಿಮದ ಹಾಗೆ ಮಾಡುವುದು.

ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಮಾಷ್ಟ್ರಿಗೆ ಇದೆಲ್ಲ ಎಂತಕ್ಕೆ ಎಂದು ಊರಲ್ಲಿ ಕೇಳಿದವರಿದ್ದಾರೆ. ನಾನು ಕುಡಿಯುವವನಲ್ಲ. ಅಂದೂ ಕುಡಿಯಲಿಲ್ಲ. ಆದರೆ ಅದನ್ನು ಚೆನ್ನಾಗಿ ಮಾಡುವುದು ಹೇಗೆಂದು ಈಗ ನನಗೆ ಗೊತ್ತಿದೆ. ಗೊತ್ತಿರುವುದನ್ನು ಹೇಳಿಕೊಡದೆ ಇರುವುದು ಮಾಷ್ಟ್ರ ಜಾತಿಗೆ ಆಗದ ಮಾತು.

ಮೊದಲು ಆ ಗಿಡದ ಸಂಗತಿ. ಟೆಕೀಲಾ ಪಾಪಾಸುಕಳ್ಳಿಯಿಂದ ಬರುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಅದು ತಪ್ಪು. ಅದು ಕತ್ತಾಳೆಯ ಜಾತಿ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಬೇಲಿಗೆ ನೆಡುತ್ತಿದ್ದ, ಎಲೆಯ ತುದಿಯಲ್ಲಿ ಮುಳ್ಳಿರುವ, ಒಮ್ಮೆ ಹೂ ಬಿಟ್ಟು ಸಾಯುವ ಕತ್ತಾಳೆಯ ದಾಯಾದಿ. ಕತ್ತಾಳೆ ನಮ್ಮಲ್ಲಿಗೆ ಬಂದದ್ದೂ ಆ ಕಡೆಯಿಂದಲೇ. ಮೆಕ್ಸಿಕೊದ ಹಲಿಸ್ಕೊ ರಾಜ್ಯದಲ್ಲಿ ಟೆಕೀಲಾ ಎಂಬ ಊರೇ ಇದೆ. ಅಲ್ಲಿಯ ನೀಲಿ ಕತ್ತಾಳೆಯನ್ನು ಆರೇಳು ವರ್ಷ ಬೆಳೆಸಿ, ಎಲೆಗಳನ್ನೆಲ್ಲ ಕೊಚ್ಚಿ ತೆಗೆದು, ನಡುವಿನ ದಿಂಡನ್ನು ಬೇಯಿಸಿ, ಹಿಂಡಿ, ಹುಳಿಬರಿಸಿ, ಎರಡು ಸಲ ಬಟ್ಟಿ ಇಳಿಸುತ್ತಾರೆ. ಎಲೆ ತೆಗೆದ ದಿಂಡು ದೊಡ್ಡದೊಂದು ಅನಾನಸಿನ ಹಾಗೆ ಕಾಣುತ್ತದೆ. ಅದಕ್ಕೆ ಅವರು ಇಟ್ಟ ಹೆಸರೂ ಅನಾನಸು ಎಂಬ ಅರ್ಥದ 'ಪಿನ್ಯಾ' ಎಂದೇ. ಕೈದೆಯ ಗಿಡದ ಹೋಲಿಕೆ ಕಂಡು ಅನಾನಸನ್ನು 'ಕೈದಚಕ್ಕ' ಎನ್ನುವ ನಮ್ಮ ಮಲಯಾಳದವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣದು.

ಬಾಟ್ಲಿ ಕೊಳ್ಳುವಾಗ ಬೀಗರು ನನಗೆ ಚೀಟಿ ಓದಲು ಕಲಿಸಿದರು. ನೂರಕ್ಕೆ ನೂರು ಕತ್ತಾಳೆ ಎಂದು ಬರೆದಿರಬೇಕು. ಹಾಗೆ ಬರೆಯದಿದ್ದರೆ ಅದರೊಳಗಿನ ಸಕ್ಕರೆಯಲ್ಲಿ ಅರ್ಧದ ಹತ್ತಿರ ಕಬ್ಬಿನದೋ ಮತ್ತೊಂದರದೋ ಆಗಿರಬಹುದು. ಕಾನೂನಿನಂತೆ ನೂರಕ್ಕೆ 51 ಪಾಲು ಕತ್ತಾಳೆ ಇದ್ದರೆ ಸಾಕು. ಬಣ್ಣ ಇಲ್ಲದ ಬಿಳಿಯದ್ದೇ ಆಗಬೇಕು. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ದುಬಾರಿ ಬಾಟ್ಲಿಯನ್ನು ಮಂಜುಗಡ್ಡೆಯಲ್ಲಿ ಅರೆಯುವುದು ಶ್ರೀಗಂಧವನ್ನು ಒಲೆಗೆ ಹಾಕಿದ ಹಾಗೆ ಎಂದು ಅವರ ಅಭಿಪ್ರಾಯ. ಅವರು ಶ್ರೀಗಂಧ ಎನ್ನಲಿಲ್ಲ, ನಾನು ಸೇರಿಸಿದ್ದು.

ಲಿಂಬೆಯ ವಿಷಯದಲ್ಲಿ ನನಗೆ ಕಲಿಯಲಿಕ್ಕೆ ಏನೂ ಇರಲಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಬೀಜವಿಲ್ಲದ ದೊಡ್ಡ ಹಸಿರು ಹಣ್ಣು. ಬೀಗಿತ್ತಿ ಅದನ್ನು ಮುಟ್ಟುವುದಿಲ್ಲ. ಮೆಕ್ಸಿಕೊದವರ ಅಂಗಡಿಗೆ ಹೋಗಿ ಬಲೆಚೀಲದಲ್ಲಿ ತುಂಬಿಟ್ಟ ಸಣ್ಣ ಸಣ್ಣ ಹಣ್ಣುಗಳನ್ನು ತಂದರು. ಒಂದನ್ನು ಉಗುರಿನಿಂದ ಕೆರೆದು ಮೂಸಿದೆ. ನಮ್ಮ ಲಿಂಬೆಹುಳಿ! ಅದೇ ತೆಳು ಸಿಪ್ಪೆ, ಅದೇ ಬೀಜ, ಅದೇ ಘಾಟು. ಮೂಲದಲ್ಲಿ ಏಷ್ಯಾದ ಗಿಡ, ಅರಬರ ಕೈಯಿಂದ ಸ್ಪೇನಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಮೆಕ್ಸಿಕೊ ಸೇರಿದ್ದಂತೆ. ಹೆಸರನ್ನೂ ಜೊತೆಯಲ್ಲೇ ಕೊಂಡುಹೋಗಿದೆ: ಅವರು 'ಲಿಮೋನ್' ಎನ್ನುತ್ತಾರೆ. ಬೀಗಿತ್ತಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನ ಹೆಂಡತಿಗೂ ಹಾಗೆಯೇ. ಕಿತ್ತಳೆ ಹಣ್ಣನ್ನು ಎತ್ತಿ ಹಿಡಿದು ಬೀಗಿತ್ತಿ 'ನರಾಂಹಾ' ಎಂದರು. ನನ್ನ ಹೆಂಡತಿಯ ತವರು ನೀಲೇಶ್ವರದ ಕಡೆ. ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೆ "ಅಯ್ಯೋ, ಇವರು ನಾರಙ್ಙ ಅಂತ ಹೇಳ್ತಾರಲ್ಲ!" ಎಂದಳು. ಆಮೇಲೆ ಆ ಇಬ್ಬರಿಗೂ ಯಾರ ದುಭಾಷಿಕೆಯೂ ಬೇಕಾಗಲಿಲ್ಲ. ಕೊತ್ತಂಬರಿ, ಜೀರಿಗೆ, ಹಸಿಮೆಣಸು ಒಂದೊಂದನ್ನೇ ಎತ್ತಿ ತೋರಿಸಿ ಹೆಸರು ಹೇಳುವ ಆಟ ಮಧ್ಯಾಹ್ನದವರೆಗೆ ನಡೆಯಿತು.

ಹಿಂದಿನ ರಾತ್ರಿ ಊಟವಾದ ಮೇಲೆ ಬೀಗರು ಬಾಟ್ಲಿಗಳನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಮೂಸಿ ನೋಡಿ ಎಂದು ನನ್ನ ಕಡೆ ಚಾಚಿದರು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಧರ್ಮದ ಕಟ್ಟಳೆಯೋ ಎಂದು ಕೇಳಿದರು. ಅಲ್ಲ ಎಂದೆ. ಮಗ ಏನೋ ಹೇಳಲು ಹೊರಟ. ನಾನೇ ಹೇಳುತ್ತೇನೆ ಎಂದು ತಡೆದೆ.

ನನಗೊಬ್ಬ ಅಣ್ಣ ಇದ್ದ. ನನಗಿಂತ ಆರು ವರ್ಷ ದೊಡ್ಡವ. ಅಂಚೆ ಕಚೇರಿಯ ಅರ್ಜಿಯಿಂದ ಹಿಡಿದು ಜಾಗದ ದಸ್ತಾವೇಜಿನವರೆಗೆ ಮಲಯಾಳದಲ್ಲಿ ಬಂದದ್ದನ್ನು ಊರವರಿಗೆಲ್ಲ ಓದಿ ಹೇಳುತ್ತಿದ್ದವ. ಅವನ ಅಕ್ಷರ ನೋಡಿಯೇ ನಾನು ನನ್ನ ಅಕ್ಷರ ತಿದ್ದಿಕೊಂಡದ್ದು. ಅವನಿಗೆ ಸಾರಾಯಿ ಹಿಡಿಯಿತು. 1996ರಲ್ಲಿ ಕೇರಳ ಸರಕಾರ ಸಾರಾಯಿ ನಿಷೇಧಿಸಿದಾಗ ಅತ್ತಿಗೆ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆದರೆ ಗಡಿ ಎಲ್ಲಿ? ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತಲಪಾಡಿ ದಾಟಿದರೆ ಕರ್ನಾಟಕ. ಅಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸಿಗುತ್ತಿತ್ತು. ಕರ್ನಾಟಕಕ್ಕೆ ಸೇರಬೇಕೆಂದು ಹರೆಯದಲ್ಲಿ ಮೆರವಣಿಗೆಗೆ ಹೋಗಿದ್ದವ ಪ್ರತಿದಿನ ಸಾಯಂಕಾಲ ಕರ್ನಾಟಕಕ್ಕೆ ಹೋಗತೊಡಗಿದ. ಬಸ್‌ಸ್ಟ್ಯಾಂಡಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದ. ಗ್ಲಾಸಿಲ್ಲ, ನೀರಿಲ್ಲ, ಜೊತೆಗೊಬ್ಬನಿಲ್ಲ. 1999ರಲ್ಲಿ ತೀರಿಕೊಂಡ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಅಣ್ಣ ಅಷ್ಟರವರೆಗೆ ಕಾಯಲಿಲ್ಲ.

ಬೀಗರು ಬಾಟ್ಲಿಯ ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಅಳತೆಯ ಗ್ಲಾಸನ್ನು ನನ್ನ ಮುಂದಿಟ್ಟು, "ಹಾಗಾದರೆ ನಾಳೆ ಅಳೆಯುವವರು ನೀವು, ಕೊನ್‌ಸ್ವೆಗ್ರೊ. ಬಡಿಸುವವರೂ ನೀವೇ. ಮನೆಯವರ ಕೈಗೆ ಕೊಟ್ಟರೆ ಪ್ರೀತಿ ಜಾಸ್ತಿಯಾಗಿ ಅಳತೆ ತಪ್ಪುತ್ತದೆ" ಎಂದರು. ಬೇಡ ಎನ್ನಬಹುದಿತ್ತು. ನಾನು ಬೇಡ ಎನ್ನಲಿಲ್ಲ.

ಅಳತೆ ಹೀಗೆ. ಟೆಕೀಲಾ ಒಂದು ಬಾಟ್ಲಿ, ಎಂದರೆ 750 ಮಿಲಿಲೀಟರು. ಕಿತ್ತಳೆ ಸಿಪ್ಪೆಯ ಸಿಹಿಮದ್ಯ 300. ಲಿಂಬೆರಸ 450. ನೀರು ಸಕ್ಕರೆ ಸಮ ಹಾಕಿ ಕಾಯಿಸಿ ತಣಿಸಿದ ಪಾಕ 400. ಮಂಜುಗಡ್ಡೆ ಒಂದೂವರೆ ಕಿಲೋದಿಂದ ಸ್ವಲ್ಪ ಹೆಚ್ಚು. ಇದರಿಂದ ಇಪ್ಪತ್ತು ಸಣ್ಣ ಗ್ಲಾಸು. ಕುಡಿಯುವವರು ಇಪ್ಪತ್ತು ಮಂದಿ ಎಂದು ಲೆಕ್ಕ ಹಾಕಿ ಇದರ ಎರಡರಷ್ಟು, ತಲೆಗೆ ಎರಡರಂತೆ. ಮೂರನೆಯ ಬಾಟ್ಲಿ ಮನೆಗೆ ತಂದೇ ಇರಲಿಲ್ಲ. ನನ್ನ ಕಣ್ಣಿಗೆ ಸಕ್ಕರೆ ಜಾಸ್ತಿ ಎಂದು ಕಂಡಿತು. ಆದರೆ ತಂಪು ನಾಲಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಪಾನಕದ ಲೆಕ್ಕದಲ್ಲಿ ಹಾಕಿದರೆ ಮಂಜಾದ ಮೇಲೆ ಬರೀ ಹುಳಿ. ಕರಗಿದ ಐಸ್‌ಕ್ಯಾಂಡಿ ಎಷ್ಟು ಸಿಹಿ ಎಂದು ಮಕ್ಕಳಿಗೆ ಗೊತ್ತು.

ನಿಜವಾದ ಗುಟ್ಟು ಬೇರೆ ಇದೆ. ಟೆಕೀಲಾ, ಸಿಹಿಮದ್ಯ, ಪಾಕ ಈ ಮೂರನ್ನು ಹಿಂದಿನ ರಾತ್ರಿಯೇ ಬೆರೆಸಿ ಫ್ರೀಜರಿನಲ್ಲಿ ಇಡಬೇಕು. ಮನೆಯ ಫ್ರೀಜರಿನ ಚಳಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಆ ಚಳಿಗೂ ಅದು ಹೆಪ್ಪುಗಟ್ಟುವುದಿಲ್ಲ, ಎಳ್ಳೆಣ್ಣೆಯ ಹಾಗೆ ದಪ್ಪವಾಗುತ್ತದೆ, ಅಷ್ಟೆ. ಜನ ಎಲ್ಲಿ ಕೆಡಿಸುತ್ತಾರೆ ಎಂದರೆ, ಕೋಣೆಯಲ್ಲಿ ಬೆಚ್ಚಗಿದ್ದ ಬಾಟ್ಲಿಯಿಂದ ಸುರಿದು ಮಂಜುಗಡ್ಡೆ ಹಾಕಿ ಅರೆಯುತ್ತಾರೆ. ಮಂಜಿನ ಅರ್ಧ ಶಕ್ತಿ ಬಾಟ್ಲಿಯನ್ನು ತಣಿಸುವುದಕ್ಕೇ ಕರಗಿಹೋಗುತ್ತದೆ. ಗ್ಲಾಸಿಗೆ ಬೀಳುವುದು ನೀರು ಮಜ್ಜಿಗೆ. ಮೊದಲೇ ತಣ್ಣಗಿದ್ದರೆ ಮಂಜು ಕರಗದೆ ಪುಡಿಯಾಗುತ್ತದೆ, ನಿಲ್ಲುತ್ತದೆ.

ಲಿಂಬೆ ಮಾತ್ರ ಅದೇ ದಿನ ಬೆಳಿಗ್ಗೆ ಹಿಂಡಬೇಕು. ಎಂಬತ್ತರ ಹತ್ತಿರ ಹಣ್ಣು ಹಿಂಡಿದೆ. ಅವರಲ್ಲಿ ಇಕ್ಕಳದಂಥ ಒಂದು ಸಾಧನ ಉಂಟು. ಕೊಯ್ದ ಮುಖವನ್ನು ತೂತುಗಳ ಕಡೆಗೆ, ಎಂದರೆ ಕೆಳಗೆ ಮಾಡಿ ಇಡಬೇಕು. ಅದುಮಿದಾಗ ಹೋಳು ಒಳಮೈ ಹೊರಗಾಗಿ ಮಗುಚುತ್ತದೆ. ಒಮ್ಮೆ ಅದುಮಿದ್ದನ್ನು ಮತ್ತೆ ಅದುಮಬಾರದು, ಸಿಪ್ಪೆಯ ಕಹಿ ಇಳಿಯುತ್ತದೆ. ಎಂಟು ವರ್ಷದ ಮೊಮ್ಮಗ ಪಕ್ಕದಲ್ಲಿ ಕೂತು ಎಣಿಸಿದ. ಕನ್ನಡದಲ್ಲಿ ಅವನಿಗೆ ನಾಲ್ಕರವರೆಗೆ ಬರುತ್ತಿತ್ತು. ಐದರಿಂದ ಸ್ಪ್ಯಾನಿಷು, ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷು. ಎಂಬತ್ತು ಮುಗಿಯುವಷ್ಟರಲ್ಲಿ ಕನ್ನಡ ಹನ್ನೆರಡಕ್ಕೆ ಮುಟ್ಟಿತು. ಲಿಂಬೆಗೆ ನಾನು ಅಷ್ಟಾದರೂ ಋಣಿ.

ಮಕ್ಕಳಿಗೆ, ನಮಗೆ, ಕುಡಿಯದ ಇನ್ನೂ ನಾಲ್ಕಾರು ಮಂದಿಗೆ ಮದ್ಯವಿಲ್ಲದ್ದೂ ಬೇಕಿತ್ತು. ಮಗ ರಾತ್ರಿ ಅದನ್ನೂ ಪಾತ್ರೆಯಲ್ಲಿ ಹಾಕಿ ಫ್ರೀಜರಿಗೆ ಸೇರಿಸಿದ್ದ. ಬೆಳಿಗ್ಗೆ ನೋಡಿದರೆ ಕರಿಕಲ್ಲು! ನೀರನ್ನು ಗಟ್ಟಿಯಾಗದಂತೆ ತಡೆಯುವುದು ಮದ್ಯ. ಅದು ಇಲ್ಲದಿದ್ದರೆ ಆ ಕೆಲಸವನ್ನು ಸಕ್ಕರೆ ಒಂದೇ ಮಾಡಬೇಕು, ಅದು ಪೂರ್ತಿ ಮಾಡಲಾರದು. ಹಾಗಾಗಿ ದಾರಿ ಬೇರೆ. ಲಿಂಬೆರಸ 250 ಮಿಲಿಲೀಟರು, ಕಿತ್ತಳೆ ರಸ 500, ನೀರು ಒಂದು ಲೀಟರು, ಸಕ್ಕರೆ 250 ಗ್ರಾಂ, ಒಂದು ಚಿಟಿಕೆ ಉಪ್ಪು. ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಅರ್ಧರ್ಧ ಗಂಟೆಗೊಮ್ಮೆ ಮುಳ್ಳುಚಮಚದಿಂದ ಕೆರೆಯುತ್ತಿರಬೇಕು. ಮೂರು ಗಂಟೆಯಲ್ಲಿ ಉದುರುದುರಾದ ಮಂಜಾಗುತ್ತದೆ. ನೋಡಲಿಕ್ಕೆ ಎರಡಕ್ಕೂ ಏನೂ ವ್ಯತ್ಯಾಸವಿಲ್ಲ. ಬೀಗರು ಎರಡಕ್ಕೂ ಒಂದೇ ತರದ ಗ್ಲಾಸು ತೆಗೆದಿಟ್ಟರು. ಮಕ್ಕಳದ್ದಕ್ಕೆ ಬೇರೆ ಬಣ್ಣದ ಗ್ಲಾಸು ಬೇಡವೇ ಎಂದು ಕೇಳಿದೆ. ಕುಡಿಯದವರನ್ನು ಸಭೆಯಲ್ಲಿ ಎದ್ದು ಕಾಣುವಂತೆ ಮಾಡಬಾರದು ಎಂದರು. ಜಗ್ಗಿಗೆ ಮಾತ್ರ ನನಗೆ ಗುರುತಾಗುವಂತೆ ಒಂದು ಕೆಂಪು ನೂಲು ಕಟ್ಟಿದರು.

ಬಂದವರು ನಲ್ವತ್ತು ಮಂದಿ. ಹೊರಗೆ ಸೆಖೆ, ಮೇ ತಿಂಗಳ ಕಾಸರಗೋಡನ್ನು ನೆನಪಿಸುವ ಹಾಗಿತ್ತು, ಬೆವರೊಂದನ್ನು ಬಿಟ್ಟು. ನಾನು ಮಿಕ್ಸಿಯ ಎದುರು ನಿಂತೆ. ಮೊದಲು ದ್ರವ, ಆಮೇಲೆ ಮಂಜು. ಒಂದೇ ಸಮನೆ ತಿರುಗಿಸದೆ ಬಿಟ್ಟು ಬಿಟ್ಟು ತಿರುಗಿಸಬೇಕು. ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಆರಂಭದಲ್ಲಿ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ಅದು ಕರಗಿ ದೋಸೆಗೆ ಅರೆಯುವ ಸದ್ದಿನಂತೆ ಒಂದೇ ಹದಕ್ಕೆ ಬಂದಾಗ ನಿಲ್ಲಿಸಬೇಕು. ಮತ್ತೆ ತಿರುಗಿಸಿದರೆ ಅಲಗಿನ ಬಿಸಿಗೇ ಕರಗುತ್ತದೆ. ಗ್ಲಾಸುಗಳೂ ಫ್ರೀಜರಿನಲ್ಲಿರಬೇಕು. ಅಂಚಿನ ಹೊರಬದಿಗೆ ಮಾತ್ರ, ಅದೂ ಅರ್ಧ ಸುತ್ತಿಗೆ, ಲಿಂಬೆ ಹೋಳು ಸವರಿ ಕಲ್ಲುಪ್ಪಿನ ತರಿಯಲ್ಲಿ ಒತ್ತಬೇಕು. ಉಪ್ಪು ಬೇಡದವರಿಗೆ ಇನ್ನೊಂದು ಬದಿ ಇದೆ. ಉಪ್ಪು ನಾಲಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ. ಪೇರಳೆಗೆ, ಮಾವಿನಕಾಯಿಗೆ ಉಪ್ಪು ಹಚ್ಚಿ ತಿಂದವರಿಗೆ ವಿವರಿಸಬೇಕಾಗಿಲ್ಲ.

ಜನ ತಿನ್ನುತ್ತ ಕುಡಿಯುತ್ತ ಇದ್ದಾಗ ಬೀಗರು ನನ್ನ ಪಕ್ಕದಲ್ಲಿ ಬಂದು ನಿಂತು ಈ ಪಾನೀಯದ ಕತೆ ಹೇಳಿದರು. ಮಾರ್ಗರಿಟಾ ಎಂದರೆ ಸ್ಪ್ಯಾನಿಷಿನಲ್ಲಿ ಸೇವಂತಿಗೆಯ ಬಳಗದ ಒಂದು ಬಿಳಿ ಹೂವು, ಹೆಂಗಸರ ಹೆಸರೂ ಹೌದು. ಮೊದಲು ಮಾಡಿದವರು ಯಾರು ಎಂಬುದಕ್ಕೆ ಗಡಿಯ ಆಚೆಯ ಊರುಗಳೂ ಈಚೆಯ ಊರುಗಳೂ ತಾವೇ ಎನ್ನುತ್ತವೆ. ಮಂಜಿನಲ್ಲಿ ಮಿಕ್ಸಿಗೆ ಹಾಕಿ ಮಾಡುವುದು ಮೊದಲೇ ಇತ್ತು. ಆದರೆ ಅದನ್ನು ಮನೆಮಾತು ಮಾಡಿದ ಯಂತ್ರ ಹುಟ್ಟಿದ್ದು ಇದೇ ಡಲ್ಲಾಸಿನಲ್ಲಿ, 1971ರಲ್ಲಿ. ಮರಿಯಾನೊ ಮಾರ್ಟಿನೆಜ್ ಎಂಬ ತರುಣ, ಮೆಕ್ಸಿಕೊ ಮೂಲದ ಮನೆತನದವರು, ಆ ವರ್ಷ ಹೋಟೆಲು ತೆರೆದರು. ಟೆಕ್ಸಾಸಿನಲ್ಲಿ ಹೋಟೆಲಿನವರು ಮದ್ಯವನ್ನು ಗ್ಲಾಸಿನ ಲೆಕ್ಕದಲ್ಲಿ ಮಾರಬಹುದು ಎಂದಾದದ್ದೂ ಆ ವರ್ಷವೇ. ಜನ ಮುಗಿಬಿದ್ದರು. ಮಿಕ್ಸಿ ತಿರುಗಿಸಿ ತಿರುಗಿಸಿ ಕೆಲಸದವನಿಗೆ ಸಾಕಾಯಿತು, ಒಂದು ಗ್ಲಾಸಿನಂತೆ ಇನ್ನೊಂದಿಲ್ಲ ಎಂದು ಗಿರಾಕಿಗಳಿಂದ ದೂರು. ಮಾರ್ಟಿನೆಜರಿಗೆ ದಾರಿ ಕಂಡದ್ದು ಸೆವೆನ್ ಇಲೆವೆನ್ ಅಂಗಡಿಯಲ್ಲಿ ಮಕ್ಕಳಿಗೆ ಮಂಜಿನ ಶರಬತ್ತು ಸುರಿಯುವ ಯಂತ್ರ ನೋಡಿ. ಹಳೆಯದೊಂದು ಐಸ್‌ಕ್ರೀಮ್ ಯಂತ್ರ ತಂದು, ತಂದೆಯ ಕಾಲದ ಅಳತೆಯನ್ನು ಅದಕ್ಕೆ ಹೊಂದಿಸಿದರು. ಮದ್ಯ ಹೆಚ್ಚಾದರೆ ಅದರೊಳಗೆ ಗಟ್ಟಿಯಾಗದು, ಸಕ್ಕರೆ ಕಡಿಮೆಯಾದರೆ ಕಲ್ಲಾದೀತು. ಎರಡರ ನಡುವಿನ ಹದ ಕಂಡುಹಿಡಿದದ್ದೇ ಅವರ ಸಾಧನೆ. ಅದಕ್ಕೆ ಹಕ್ಕುಪತ್ರವನ್ನೂ ಮಾಡಿಸಿಕೊಳ್ಳಲಿಲ್ಲ. ಆ ಯಂತ್ರವನ್ನು 2005ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದವರು ಕೊಂಡುಹೋದರು. ಬೀಗರು ಅದನ್ನು ಹೇಳುವಾಗ ಎದೆಯ ಮೇಲೆ ಕೈ ಇಟ್ಟುಕೊಂಡರು.

ಆ ಹೆಮ್ಮೆ ನನಗೆ ಅರ್ಥವಾಯಿತು. ಬೀಗರ ಪೂರ್ವಿಕರು ಎಲ್ಲಿಂದಲೋ ಗಡಿ ದಾಟಿ ಬಂದವರಲ್ಲ. ರಿಯೊ ಗ್ರಾಂಡೆ ಹೊಳೆಯ ದಡದಲ್ಲಿ ಮೊದಲಿನಿಂದ ಇದ್ದವರು. ಟೆಕ್ಸಾಸ್ 1836ರಲ್ಲಿ ಮೆಕ್ಸಿಕೊದಿಂದ ಬೇರೆಯಾಯಿತು, 1845ರಲ್ಲಿ ಅಮೆರಿಕಕ್ಕೆ ಸೇರಿತು, 1848ರ ಒಪ್ಪಂದದಲ್ಲಿ ಹೊಳೆಯೇ ಗಡಿಯಾಯಿತು. ಮನೆ ಇದ್ದಲ್ಲೇ ಇತ್ತು, ದೇಶ ಬದಲಾಯಿತು. ಸಣ್ಣವರಿದ್ದಾಗ ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಬೀಗರು ಏಟು ತಿಂದಿದ್ದರು. ನಾನು 1956ರ ನವೆಂಬರ್ ಒಂದರ ಕತೆ ಹೇಳಿದೆ. ಚಂದ್ರಗಿರಿ ಹೊಳೆಯನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮೊಮ್ಮಕ್ಕಳು ಮಾತಾಡುತ್ತಾರಾ?" ನಾಲ್ಕರಿಂದ ಹನ್ನೆರಡಕ್ಕೆ ಬಂದಿದೆ ಎಂದೆ. ಇಬ್ಬರೂ ನಕ್ಕೆವು.

ಸಾಯಂಕಾಲ ಏಳರ ಹೊತ್ತಿಗೆ ಬೀಗರ ಅಣ್ಣನ ಮಗನೊಬ್ಬ ನನ್ನ ಮೇಜಿಗೆ ಬಂದ. ಮೂವತ್ತೈದು ವರ್ಷ ಇರಬಹುದು. ಎರಡು ಗ್ಲಾಸು ಅವನಿಗೆ ನಾನೇ ಕೊಟ್ಟಿದ್ದೆ. ಮೂರನೆಯದನ್ನು ಬೇರೆ ಯಾರದೋ ಪಾಲಿನಿಂದ ಪಡೆದುಕೊಂಡದ್ದನ್ನೂ ಕಂಡಿದ್ದೆ. ಗ್ಲಾಸು ಚಾಚಿದ ಕೈ ಸ್ವಲ್ಪ ನಡುಗುತ್ತಿತ್ತು. ಆ ನಡುಕ ನನಗೆ ಪರಿಚಯದ್ದು. ಎರಡೂ ಜಗ್ಗು ಎದುರಿಗೇ ಇತ್ತು. ಕೆಂಪು ನೂಲಿನದ್ದನ್ನು ಎತ್ತಿ ಸುರಿದೆ, ಅಂಚಿಗೆ ಉಪ್ಪು ಒತ್ತಿ ಕೊಟ್ಟೆ. ಒಂದು ಗುಟುಕು ಕುಡಿದ. ನನ್ನ ಮುಖ ನೋಡಿದ, ನೂಲನ್ನೂ ನೋಡಿದ. ಸಿಟ್ಟಾಗುತ್ತಾನೆಂದು ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವನು ಏನೂ ಹೇಳದೆ ಅದನ್ನೇ ಕುಡಿಯುತ್ತ ಅಲ್ಲೇ ಒಂದು ಸ್ಟೂಲಿನ ಮೇಲೆ ಕೂತ. ಮುಗಿದ ಮೇಲೆ ಮತ್ತೆ ಚಾಚಿದ. ಮತ್ತೆ ಅದನ್ನೇ ಹಾಕಿದೆ. ಆ ಊರಲ್ಲಿ ಕುಡಿದು ಕೆಟ್ಟವರಿಲ್ಲ ಎಂದು ನಾನು ಹೇಳಲಾರೆ. ಆದರೆ ಅವನಿಗೆ ಕೂರಲಿಕ್ಕೆ ಒಂದು ಸ್ಟೂಲು ಇತ್ತು, ಬೆಳಕಿತ್ತು, ಗ್ಲಾಸಿತ್ತು, ಸುತ್ತ ಅತ್ತೆ ಮಾವಂದಿರಿದ್ದರು. ಅಣ್ಣನ ಆ ಗೋಡೆ ನನ್ನ ಕಣ್ಣ ಮುಂದೆ ತುಂಬ ಹೊತ್ತು ಇತ್ತು.

ಎಂಟಕ್ಕೆ ಬೀಗರು ಮಿಕ್ಸಿಯ ಜಾರು ತೊಳೆದು ಬೋರಲು ಹಾಕಿದರು. ಆಮೇಲೆ ಕಾಫಿ. ಕುಡಿದವರ ಕಾರಿನ ಕೀಲಿಗಳನ್ನು ಬೀಗಿತ್ತಿ ಒಂದು ಬುಟ್ಟಿಯಲ್ಲಿ ಹಾಕಿ ಫ್ರಿಜ್ಜಿನ ಮೇಲಿಟ್ಟರು; ಅವರನ್ನೆಲ್ಲ ಕುಡಿಯದವರು ಮನೆ ಮುಟ್ಟಿಸಿದರು.

ಮರುದಿನ ಬೆಳಿಗ್ಗೆ ಆ ಹುಡುಗ ಕೀಲಿ ಕೊಂಡುಹೋಗಲು ಬಂದ. ನಾನು ಹಿತ್ತಿಲಲ್ಲಿ ಕೂತಿದ್ದೆ. ಹತ್ತಿರ ಬಂದು, ನೂಲು ಕಟ್ಟಿದ ಜಗ್ಗಿನದ್ದಕ್ಕೆ ಸಕ್ಕರೆ ಎಷ್ಟು ಹಾಕಿದ್ದಿರಿ ಎಂದು ಕೇಳಿದ. ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅಭ್ಯಾಸ ಬಲದಿಂದ ಅಂಕೆಗಳನ್ನು ಕನ್ನಡದಲ್ಲಿ ಬರೆದಿದ್ದೆ: ೨೫೦, ೫೦೦. ಮೊಮ್ಮಗ ಓಡಿ ಬಂದು ಚೀಟಿ ಇಸಿದುಕೊಂಡ. 'ಎರಡು' ಎಂದು ಗಟ್ಟಿಯಾಗಿ ಓದಿದ. 'ಐದು' ಎಂದ.